ಇಂಗು ಹಚ್ಚಿದ ಗಾಳ

ನಮ್ಮ ಸೀನಿಯರ್ ವಕೀಲರಾದ ರಾಯರು ತೀರಿಕೊಂಡ ಸುದ್ದಿ ಬಂದಾಗ ನಾನು ಬಳ್ಳಾರಿಯಲ್ಲಿದ್ದೆ. ಮನೆಯವರನ್ನು ಮಾತನಾಡಿಸಿ ಬರೋಣವೆಂದು ಹೊಸಪೇಟೆಗೆ ಹೋದೆ. ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೆಲ್ಲ ಶಲ್ಯದ ಚುಂಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆಂದು ನಾನೂ ಮುಖ ಸಣ್ಣದು ಮಾಡಿಕೊಂಡು ಹತ್ತಿರ ಹೋದೆ. ಅಳುವಲ್ಲ, ನಗು. ಒಬ್ಬರು ಮುನ್ಸೀಫರ ತಲೆಯ ರುಮಾಲಿನ ಕತೆ ತೆಗೆದಿದ್ದರು. 'ಆ ಕೆಂಪು ರುಮಾಲು ಕೆರಿಯಾಗ ತೇಲಿಕೋತ ಹೊಂಟಿತ್ತು ನೋಡ್ರಿ' ಎಂದು ಅವರು ಹೇಳುತ್ತಿರುವಾಗ ಬಾಗಿಲ ಮರೆಯಿಂದ ಅಮ್ಮನವರ ಧ್ವನಿ ಬಂತು. 'ಕೆಂಪು ಅಲ್ಲ, ಬಿಳೀದು. ಹೇಳೋದಿದ್ರ ಸರಿಯಾಗಿ ಹೇಳ್ರಿ.'

ಅಮ್ಮನವರೆಂದರೆ ತೀರಿಕೊಂಡವರ ಹೆಂಡತಿ. ಗಂಡ ಹೋದ ದುಃಖದಲ್ಲೂ ಆತನ ಕತೆಗೆ ತಪ್ಪು ಬಣ್ಣ ಹತ್ತುವುದನ್ನು ಅವರು ಸಹಿಸಲಿಲ್ಲ. ಅದಕ್ಕೇ ನಾನೂ ಬಣ್ಣ ತಪ್ಪದಂತೆ ಬರೆಯಲು ನೋಡುತ್ತೇನೆ.

ರಾಯರು ಅಪ್ಪಟ ವೈಷ್ಣವರು. ಹಣೆಗೆ ಅಂಗಾರ ಅಕ್ಷತೆ, ಮೈಮೇಲೆ ಗೋಪೀಚಂದನದ ಮುದ್ರೆ, ಬಾಯಿಗೆ ಉಳ್ಳಾಗಡ್ಡಿಯನ್ನೂ ಸೋಕಿಸದವರು. ಮುನ್ಸೀಫ್ ಕೋರ್ಟಿನಲ್ಲಿ ಅವರು ಎದ್ದು ನಿಂತರೆ ಎದುರು ಪಕ್ಷದ ವಕೀಲರು ನೀರು ಕುಡಿಯುತ್ತಿದ್ದರು. ಇಂಥವರಿಗೆ ಗಾಳ ಹಾಕಿ ಮೀನು ಹಿಡಿಯುವ ಹುಚ್ಚು. ಹಿಡಿದದ್ದನ್ನು ತಿನ್ನುವ ಪ್ರಶ್ನೆಯೇ ಇಲ್ಲ. ಗಾಳ ಬಿಡಿಸಿ, ಬೆನ್ನು ಸವರಿ, ತಿರುಗಿ ನೀರಿಗೆ ಬಿಡುತ್ತಿದ್ದರು. ಬಿಡುವಾಗ 'ವಾಯಿದೆ ಕೊಟ್ಟೀನಿ, ಮುಂದಿನ ಸಲ ಬಾರಪ' ಎನ್ನುತ್ತಿದ್ದರು.

ಈ ಹುಚ್ಚು ಹತ್ತಿದ್ದು ಒಂದು ಛತ್ರಿಯ ದೆಸೆಯಿಂದ. ಯಾರೋ ರೈಲ್ವೆಯ ದೊರೆ ವರ್ಗವಾಗಿ ಹೊರಟಾಗ ಬಂಗಲೆಯ ಸಾಮಾನು ಹರಾಜಿಗೆ ಹಾಕಿದ್ದನಂತೆ. ಉದ್ದನೆಯ ಬಟ್ಟೆಚೀಲದಲ್ಲಿದ್ದದ್ದು ಛತ್ರಿ ಎಂದು ರಾಯರು ಕೂಗಿ ಕೊಂಡರು. ಮನೆಗೆ ಬಂದು ಬಿಚ್ಚಿದರೆ ಒಂದಕ್ಕೊಂದು ಜೋಡಿಸುವ ಬಿದಿರಿನ ತುಂಡುಗಳು, ಹಿತ್ತಾಳೆಯ ಗಿರಕಿ, ಗಿರಕಿಗೆ ಸುತ್ತಿದ ರೇಷ್ಮೆಯ ದಾರ. 'ಛತ್ರಿ ಆಗಿದ್ರ ನಾನು ಮನ್ಯಾಗ ಇರತಿದ್ದೆ. ಇದು ಬಿಸಿಲಿಗೆ ಎಳಕೊಂಡು ಹೋತು' ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ನಾನು ಕಾನೂನು ಓದಿ ಬಂದು ಅವರ ಕೈಕೆಳಗೆ ಸೇರಿದಾಗ ಈ ಹುಚ್ಚು ಹಳೆಯದಾಗಿತ್ತು. ಮೊದಲ ರವಿವಾರವೇ ಹೇಳಿಕಳಿಸಿದರು. ಕೇಸಿನ ಕಾಗದ ಓದಿಸುತ್ತಾರೆಂದು ಕೋಟು ತೊಟ್ಟು ಹೋದರೆ ಹಿತ್ತಲಲ್ಲಿ ಜೋಳದ ಹಿಟ್ಟು ನಾದುತ್ತಿದ್ದರು. ಹುಳು ಮುಟ್ಟುವುದು ಅವರಿಗೆ ನಿಷಿದ್ಧ. ಜೋಳದ ಹಿಟ್ಟಿಗೆ ಬೆಲ್ಲ ಕಲಸಿ, ಅಡಿಗೆಮನೆಯಿಂದ ಕದ್ದ ಇಂಗು ಹಚ್ಚಿ ಉಂಡೆ ಕಟ್ಟುವುದು ಅವರೇ ಕಂಡುಹಿಡಿದ ಪದ್ಧತಿ.

'ಇಂಗು ಯಾಕ್ರಿ?' ಎಂದೆ.

'ಹೊಳ್ಯಾಗ ಹುಟ್ಟಿದ್ದಕ್ಕ ಅವು ಸಪ್ಪಂದು ತಿನಬೇಕೇನು? ಒಗ್ಗರಣಿ ವಾಸನಿ ಬಂದ್ರ ನೀ ಬರಂಗಿಲ್ಲೇನು?'

ಒಳಗೆ ಅಮ್ಮನವರು ಇಂಗಿನ ಡಬ್ಬಿ ಹುಡುಕುವ ಸಪ್ಪಳ ಕೇಳುತ್ತಿತ್ತು.

ರುಮಾಲಿನ ಸಂಗತಿ ನಡೆದದ್ದು ಕಮಲಾಪುರದ ಕೆರೆ ಏರಿಯ ಮೇಲೆ. ರಾಯರು ಗಾಳ ಬೀಸುವುದೆಂದರೆ ಕೋಲನ್ನು ಹಿಂದಕ್ಕೆ ಒಯ್ದು, ಮೈಯನ್ನೆಲ್ಲ ಬಳುಕಿಸಿ, ಒಮ್ಮೆಲೇ ಮುಂದಕ್ಕೆ ಝಾಡಿಸುವುದು. ಆ ಹೊತ್ತಿಗೆ ಹಿಂದೆ ಯಾರಿದ್ದಾರೆಂಬ ಗೊಡವೆ ಇಲ್ಲ. ಹೊಸದಾಗಿ ಬಂದ ಮುನ್ಸೀಫರು ಸಂಜೆಯ ತಿರುಗಾಟಕ್ಕೆ ಅದೇ ಏರಿಗೆ ಬಂದಿದ್ದರು. ಗಾಳ ಹಿಂದೆ ಹೋಗಿ ಅವರ ರುಮಾಲಿಗೆ ಸಿಕ್ಕಿತು. ಮುಂದಕ್ಕೆ ಬರುವಾಗ ರುಮಾಲೂ ಬಂತು. ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಬಿಳಿ ಕೊಕ್ಕರೆಯ ಹಾಗೆ ಹಾರಿ ಕೆರೆಯ ನಡುವೆ ಇಳಿಯಿತು. ರಾಯರಿಗೆ ಹಿಂದಿನದು ಗೊತ್ತಿಲ್ಲ. 'ಏನೋ ಭಾರಿದು ಬಿದ್ದದ' ಎಂದು ಗಿರಕಿ ತಿರುಗಿಸತೊಡಗಿದರು. ಬೋಳು ತಲೆಯ ಮೇಲೆ ಕೈಯಿಟ್ಟುಕೊಂಡ ಮುನ್ಸೀಫರು ಪಕ್ಕಕ್ಕೆ ಬಂದು ನಿಂತು, 'ಸಾವಕಾಶ ಎಳೀರಿ ವಕೀಲರ, ಅದು ನಂದು' ಎಂದರು.

ಮರುದಿನ ಕೋರ್ಟಿನಲ್ಲಿ ರಾಯರು ವಾದಕ್ಕೆ ಎದ್ದಾಗ ಮುನ್ಸೀಫರು ಎರಡೂ ಕೈಯಿಂದ ರುಮಾಲು ಹಿಡಿದುಕೊಂಡು 'ಈಗ ಶುರು ಮಾಡ್ರಿ' ಎಂದರು. ಅವತ್ತು ಯಾವ ಕೇಸೂ ಮುಂದಕ್ಕೆ ಹೋಗಲಿಲ್ಲ. ಕಕ್ಷಿದಾರರು, ಗುಮಾಸ್ತರು, ಬಾಗಿಲಲ್ಲಿ ನಿಂತ ಜವಾನ ಎಲ್ಲರೂ ನಕ್ಕು ನಕ್ಕು ಸುಸ್ತಾಗಿದ್ದರು.

ಸಂಡೂರಿಗೆ ಕೇಸಿನ ಕೆಲಸಕ್ಕೆ ಹೋದರೆ ನಾರಿಹಳ್ಳದಲ್ಲಿ ಗಾಳ, ಹಂಪಿಗೆ ವಿರೂಪಾಕ್ಷನ ದರ್ಶನಕ್ಕೆ ಹೋದರೆ ತಳವಾರಘಟ್ಟದ ಆಚೆ ಗಾಳ. ಚಕ್ರತೀರ್ಥದ ಮಡುವಿನಲ್ಲಿ ಮಾತ್ರ ಹಾಕುತ್ತಿರಲಿಲ್ಲ. ಅಲ್ಲಿಯ ಮೀನು ದೇವರವು. ಅವುಗಳಿಗೆ ಇಂಗಿನ ಉಂಡೆಯನ್ನು ಗಾಳವಿಲ್ಲದೆ ಹಾಗೇ ಎಸೆದು, ತಿನ್ನುವುದನ್ನು ನೋಡಿ ನಿಟ್ಟುಸಿರು ಬಿಟ್ಟು ಮುಂದೆ ನಡೆಯುತ್ತಿದ್ದರು. ಎಲ್ಲಕ್ಕಿಂತ ಪ್ರೀತಿಯ ಜಾಗ ಕಂಪ್ಲಿಯ ಹೊಳೆ. ಅಲ್ಲಿ ದುರುಗಪ್ಪನೆಂಬ ಅಂಬಿಗನ ಹರಿಗೋಲಿನಲ್ಲಿ ಕೂತುಬಿಟ್ಟರೆ ಅವರಿಗೆ ಕೋರ್ಟೂ ಇಲ್ಲ, ಮನೆಯೂ ಇಲ್ಲ. ಹಿಡಿದ ಮೀನನ್ನು ಬಿಡುವುದು ದುರುಗಪ್ಪನಿಗೆ ಮಾತ್ರ ನುಂಗಲಾರದ ಸಂಗತಿ.

'ನಿಮಗ ಬ್ಯಾಡಂದ್ರ ನಮಗರ ಕೊಡ್ರಿ ರಾಯರ. ಮನ್ಯಾಗ ಸಾರು ಆಗತೈತಿ.'

'ನಿನ್ನ ಬಲಿಯಾಗ ಬಿದ್ರ ನಿಂದು. ನನ್ನ ಗಾಳಕ್ಕ ಬಿದ್ದದ್ದು ನನ್ನ ಕಕ್ಷಿದಾರ. ಕಕ್ಷಿದಾರನ್ನ ಸಾರು ಮಾಡ್ಲಿಕ್ಕೆ ಬರಂಗಿಲ್ಲ.'

ಇದೇ ಕಂಪ್ಲಿಯಲ್ಲಿ ಒಂದು ಗೆಂಡೆಮೀನು ನಮ್ಮನ್ನು ನಿಜಾಮರ ಸೀಮೆಗೆ ಎಳೆದುಕೊಂಡು ಹೋಯಿತು. ಆಗ ಹೊಳೆಯ ಈ ದಡ ಮದರಾಸಿನ ಸರಕಾರದ್ದು, ಆ ದಡ ನಿಜಾಮರದ್ದು. ಗೆಂಡೆ ಗಾಳ ನುಂಗಿದ್ದು ನಮ್ಮ ದಡದ ಹತ್ತಿರ. ನುಂಗಿದ್ದೇ ತಡ ಆಚೆ ದಿಕ್ಕಿಗೆ ಓಡಿತು. ಹರಿಗೋಲು ಗರಗರ ತಿರುಗುತ್ತ ಅದರ ಹಿಂದೆ ಹೊರಟಿತು. ದುರುಗಪ್ಪ ಹುಟ್ಟು ಹಾಕುವುದನ್ನು ಬಿಟ್ಟು ನಗತೊಡಗಿದ. ನಾನು ಹರಿಗೋಲಿನ ಅಂಚು ಹಿಡಿದು ಕಣ್ಣು ಮುಚ್ಚಿದೆ. ಕಣ್ಣು ತೆಗೆದಾಗ ನಾವು ಆಚೆ ದಡದ ಸುಂಕದ ಕಟ್ಟೆಯ ಮುಂದಿದ್ದೆವು. ಒಬ್ಬ ಜವಾನ ಕೋಲು ಹಿಡಿದು ನಿಂತಿದ್ದ.

'ಏನು ಮಾಲು ತಂದೀರಿ? ಸುಂಕ ಕಟ್ರಿ.'

ರಾಯರು ಕೋಲನ್ನು ಎರಡೂ ಕೈಯಿಂದ ಹಿಡಿದುಕೊಂಡೇ ವಾದಕ್ಕೆ ಶುರು ಮಾಡಿದರು. 'ನಾವು ಏನೂ ತಂದಿಲ್ಲಪಾ. ಮಾಲು ಇನ್ನೂ ನೀರಾಗ ಅದ. ಅದನ್ನ ನಾವು ತಂದಿಲ್ಲ, ಅದು ನಮ್ಮನ್ನ ತಂದದ. ಸುಂಕ ಕೇಳೋದಿದ್ರ ಅದನ್ನ ಕೇಳು.'

ಜವಾನ ತಲೆ ಕೆರೆದುಕೊಳ್ಳುತ್ತಿರುವಾಗ ಗೆಂಡೆ ನೀರಿನಿಂದ ಎದ್ದು ಬೆಳ್ಳಿಯ ಪರಾತದಂತೆ ಹೊಳೆದು ಬಿತ್ತು. ಜವಾನನ ಮುಖವೇ ಬದಲಾಯಿತು. ಕೋಲು ಬಿಸಾಕಿ, ಪಾಯಿಜಾಮ ಮೇಲಕ್ಕೆತ್ತಿ, 'ಛೋಡೋ ಮತ್ ಸಾಬ್, ಬಿಡಬ್ಯಾಡ್ರಿ' ಎಂದು ನೀರಿಗಿಳಿದ. ಅವನೇ ಅದನ್ನು ಮಗುವಿನ ಹಾಗೆ ಎತ್ತಿ ತಂದದ್ದು. ರಾಯರು ಗಾಳ ಬಿಡಿಸಿ, ವಾಯಿದೆ ಕೊಟ್ಟು, ಮೀನನ್ನು ನೀರಿಗೆ ಬಿಟ್ಟಾಗ ಪಾಪ ಅವನಿಗೆ ಅಳುವೇ ಬಂತು. ಆ ಸಿಟ್ಟಿಗೋ ಏನೋ, ಪರವಾನಗಿ ಇಲ್ಲದೆ ಸೀಮೆ ದಾಟಿದಿರೆಂದು ಮೇಲಿನವರು ಬರುವವರೆಗೆ ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡ. ಮೇಲಿನವರು ಬಂದು, ಕತೆ ಕೇಳಿ, ಚಹಾ ಕುಡಿಸಿ ಕಳಿಸಿದರು.

ಆದರೆ ಚಹಾದ ಸುದ್ದಿ ಹೊಸಪೇಟೆಗೆ ತಲುಪಲಿಲ್ಲ. ತಲುಪಿದ್ದು ಬೇರೆ. ರಾಯರು ಒಂದು ಚಕ್ಕಡಿ ಮೀನು ಕದ್ದು ಸಾಗಿಸುತ್ತಿದ್ದಾಗ ನಿಜಾಮರ ಕೈಗೆ ಸಿಕ್ಕರಂತೆ, ಅಷ್ಟೂ ಮೀನು ಅವರ ಮನೆಯ ಊಟಕ್ಕಂತೆ. ಮುಂದಿನ ಆರಾಧನೆಯ ದಿನ ಮಠದಲ್ಲಿ ಎಲ್ಲರೂ ಊಟಕ್ಕೆ ಕೂಡುವಾಗ, ಅಲ್ಲಿಯ ಹಿರಿಯ ಆಚಾರ್ಯರು 'ನೀವು ಸ್ವಲ್ಪ ತಡೀರಿ ರಾಯರ, ಕಡೀ ಪಂಕ್ತಿಗೆ ನೋಡೋಣ' ಎಂದರು. ರಾಯರು ನಗುತ್ತ ಎದ್ದು ಬಂದರು. ಅಮ್ಮನವರು ನಗಲಿಲ್ಲ. ಹೆಂಗಸರ ಸಾಲಿನಿಂದ ಅವರೂ ಎದ್ದರು, ಎಲ್ಲರ ಕಣ್ಣೆದುರು ಅಂಗಳ ದಾಟಿ ಬಂದರು. ಮನೆಗೆ ಬಂದು ಗಂಡನಿಗೆ ಹೇಳಿದ ಕಡೆಯ ಮಾತು, 'ಈ ಮನ್ಯಾಗ ಆ ಕೋಲರ ಇರಬೇಕು, ಇಲ್ಲಾ ನಾನರ ಇರಬೇಕು.' ಆಮೇಲೆ ಮಾತು ನಿಂತಿತು.

ನಿಂತದ್ದು ಗಂಡನೊಡನೆ ಮಾತ್ರ. ನನ್ನೊಡನೆ ಎಂದಿನಂತೆಯೇ ಇದ್ದರು. ಹೀಗಾಗಿ ನಾನು ಕೋರ್ಟಿನಲ್ಲಿ ಜೂನಿಯರು, ಮನೆಯಲ್ಲಿ ದುಭಾಷಿ.

'ಅವರಿಗೆ ಹೇಳಪಾ, ಎಲಿ ಹಾಕ್ಯದ ಅಂತ.'

ರಾಯರು ನನ್ನ ಪಕ್ಕದಲ್ಲೇ ಇರುತ್ತಿದ್ದರು. ನಾನು ತಿರುಗಿ 'ಎಲಿ ಹಾಕ್ಯದಂತ್ರಿ' ಎನ್ನಬೇಕು. 'ಬಂದೆ ಅಂತ ಹೇಳು.' 'ಬಂದ್ರಂತ್ರಿ.' ನಾನು ಹೇಳುವುದು ಮರೆತು ಸುಮ್ಮನೆ ನಿಂತರೆ ಇಬ್ಬರೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

ರಾಯರು ಸೊರಗಿದರು. ಕೋಲು ಅಟ್ಟದ ಮೇಲೆ ಹೋಯಿತು. ಹೆಂಡತಿಯ ಮಾತಿಲ್ಲದ ಮನೆಯಲ್ಲಿ ಅವರು ಇಡೀ ದಿನ ಗಡಿಯಾರಕ್ಕೆ ಕೀಲಿ ಕೊಡುತ್ತ ಕೂಡುತ್ತಿದ್ದರು. ಒಂದು ದಿನ ತಡೆಯಲಾರದೆ ನನ್ನನ್ನು ನಡುವೆ ನಿಲ್ಲಿಸಿಕೊಂಡು, 'ಈ ಅಮಾಸಿಗೆ ಸಮುದ್ರಸ್ನಾನ ಮಾಡಿಸ್ತೀನಿ ಅಂತ ಹೇಳು' ಎಂದರು. ಅಮ್ಮನವರು ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ. ಕೈಯಲ್ಲಿದ್ದ ಸೌಟು ನಿಂತಿತು.

'ಕೋಲು ತರತಾರೇನು ಕೇಳು.'

ರಾಯರು ಕೈಯಲ್ಲಿದ್ದ ಗಡಿಯಾರದ ಕೀಲಿಯನ್ನು ಕೆಳಗಿಟ್ಟರು. 'ತರಂಗಿಲ್ಲ ಅಂತ ಹೇಳ್ಬೇಕಂತೀನಿ, ಬಾಯಿ ಬರವಲ್ದು ಅಂತ ಹೇಳು.'

ಅಮ್ಮನವರ ತುಟಿ ಒಂದಿಷ್ಟು ಅಲುಗಿತು. 'ಸುಳ್ಳು ಹೇಳಲಿಲ್ಲಲ್ಲ, ಅಷ್ಟು ಸಾಕು. ತರ್ಲಿ. ಆದ್ರ ಅದೇ ಕಡೀದು. ಬರೂ ಮುಂದ ಆ ಕೋಲನ್ನ ಸಮುದ್ರಕ್ಕ ಒಪ್ಪಿಸಿ ಬರಬೇಕು.'

'ಒಪ್ಪಿಸ್ತೀನಿ ಅಂತ ಹೇಳು' ಎಂದರು ರಾಯರು. ಧ್ವನಿ ಸಣ್ಣದಾಗಿತ್ತು, ಆದರೆ ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ.

ದುಭಾಷಿಯಾದ ನಾನೂ ಹೊರಟೆ. ನಮ್ಮೂರ ರೈಲಿನ ಹಳಿ ಹಿಡಿದರೆ ಗದಗ, ಹುಬ್ಬಳ್ಳಿ, ಲೋಂಡಾ ದಾಟಿ, ಘಟ್ಟ ಇಳಿದು, ಪೋರ್ತುಗೀಸರ ಸೀಮೆಯ ಮರ್ಮಗೋವೆಯಲ್ಲಿ ಸಮುದ್ರದ ಅಂಚಿಗೇ ಹೋಗಿ ಮುಟ್ಟುತ್ತಿತ್ತು. ಪ್ರತಿ ಸೇತುವೆಗೂ ರಾಯರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ 'ಇಲ್ಲಿ ಮೀನದ' ಎನ್ನುತ್ತಿದ್ದರು. ಘಟ್ಟದಲ್ಲಿ ಸುರಂಗ ಬಂದು ಡಬ್ಬಿಯೆಲ್ಲ ಕತ್ತಲಾಯಿತು. ಬೆಳಕಿಗೆ ಬಂದಾಗ ನೋಡಿದರೆ ಅಮ್ಮನವರು ರಾಯರ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ತಟ್ಟನೆ ಬಿಟ್ಟು ನನ್ನ ಕಡೆ ತಿರುಗಿ, 'ಸುರಂಗ ಇತ್ತು ಅಂತ ಹಿಡಕೊಂಡೆ ಅಂತ ಹೇಳು' ಎಂದರು. ರಾಯರು, 'ಮುಂದ ಇನ್ನೂ ಸುರಂಗ ಅವ ಅಂತ ಹೇಳು' ಎಂದರು. ಅವರ ಮುಖ ಆಗ ಹೊಸ ಮದುಮಗನದಾಗಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ದಂಡೆಗೆ ಹೋದೆವು. ಅಮ್ಮನವರು ಸಮುದ್ರ ಕಂಡು ನಿಂತಲ್ಲೇ ನಿಂತರು. 'ಇಷ್ಟೂ ನೀರೇನು?' ಎಂದರು. ಯಾರಿಗೆ ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಆಮೇಲೆ ಸಂಕಲ್ಪ ಮಾಡಿ ಸ್ನಾನಕ್ಕೆ ಇಳಿದರು. ತೆರೆ ಬಂದು ಬಡಿದಾಗಲೆಲ್ಲ ಸಣ್ಣ ಹುಡುಗಿಯಂತೆ ಕುಣಿದು, ನಮ್ಮ ಕಡೆ ನೋಡಿ ಮತ್ತೆ ಗಂಭೀರರಾಗುತ್ತಿದ್ದರು.

ರಾಯರು ಅಲ್ಲೇ ಹತ್ತಿರದ ಬಂಡೆಗಳ ಮೇಲೆ ನಿಂತು ಗಾಳ ಬೀಸಿದರು. ಸಮುದ್ರದ ಮೀನುಗಳಿಗೆ ಇಂಗು ರುಚಿಸಲಿಲ್ಲ. ಜೋಳದ ಉಂಡೆ ಉಪ್ಪುನೀರಿಗೆ ಕರಗಿ ಹೋಗುತ್ತಿತ್ತು. ಒಂದು ಏಡಿ ಬಂದು ಉಂಡೆಯನ್ನು ಮುಟ್ಟಿ ನೋಡಿ ಹಿಂದಕ್ಕೆ ಸರಿಯಿತು. ಬುಟ್ಟಿ ಹೊತ್ತು ಹೋಗುತ್ತಿದ್ದ ಕೊಂಕಣಿ ಹೆಂಗಸೊಬ್ಬಳು ಇದನ್ನೆಲ್ಲ ನೋಡಿ, ಬುಟ್ಟಿ ಇಳಿಸಿ, ನಕ್ಕು, ತನ್ನದೊಂದು ಸೀಗಡಿಯನ್ನು ಗಾಳಕ್ಕೆ ಚುಚ್ಚಿಕೊಟ್ಟಳು. ರಾಯರು ಅಷ್ಟು ಹೊತ್ತೂ ಕಣ್ಣು ಮುಚ್ಚಿ ವಿಷ್ಣುಸಹಸ್ರನಾಮ ಹೇಳುತ್ತಿದ್ದರು.

ಸೀಗಡಿ ನೀರಿಗೆ ಬಿದ್ದದ್ದಷ್ಟೇ, ಕೋಲು ಬಿಲ್ಲಿನಂತೆ ಬಾಗಿತು. ಗಿರಕಿ ಕಿರ್ರೆಂದು ಕೂಗಿತು. ರಾಯರು ಒಂದು ಹೆಜ್ಜೆ ಮುಂದಿಟ್ಟರು, ಪಾಚಿಯ ಮೇಲೆ ಕಾಲು ಜಾರಿತು, ಪಾದ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿತು, ಅವರು ಅಲ್ಲೇ ಕೂತುಬಿಟ್ಟರು. ಕೋಲು ಕೈಜಾರಿ ಬಂಡೆಯ ಮೇಲೆ ಸರಸರನೆ ನೀರಿನ ಕಡೆ ಹೊರಟಿತು. ನಾನು ಮೇಲೆ ದೂರದಲ್ಲಿದ್ದೆ. ಕೆಳಗೆ, ಒದ್ದೆ ಸೀರೆಯಲ್ಲಿ, ಅಮ್ಮನವರು ಇದ್ದರು.

ಅವರು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಕೋಲು ತಾನಾಗಿಯೇ ಸಮುದ್ರದ ಪಾಲಾಗುತ್ತಿತ್ತು. ಅವರು ಬಗ್ಗಿ ಎರಡೂ ಕೈಯಿಂದ ಅದನ್ನು ಹಿಡಿದರು.

'ಬಿಡಬ್ಯಾಡ' ಎಂದರು ರಾಯರು.

'ಬಿಟ್ಟಿಲ್ಲ. ಮುಂದೇನು ಮಾಡ್ಲಿ, ಜಲ್ದಿ ಹೇಳ್ರಿ.'

'ಅದು ಎಳದ್ರ ನೀ ಬಿಡು. ಅದು ಬಿಟ್ರ ನೀ ಎಳಿ.'

'ಮದಿವ್ಯಾದಾಗಿಂದ ಅದನ್ನ ಮಾಡೀನಿ. ಬ್ಯಾರೆ ಏನರ ಇದ್ರ ಹೇಳ್ರಿ.'

ಇಬ್ಬರೂ ನೇರವಾಗಿ ಮಾತಾಡುತ್ತಿದ್ದಾರೆ, ನನ್ನ ಕೆಲಸ ಹೋಯಿತು ಎಂಬುದು ನನಗೆ ಹೊಳೆದದ್ದು ಆಮೇಲೆ. ಆಗ ನಾನು ರಾಯರ ಕಾಲು ಬಿಡಿಸುತ್ತಿದ್ದೆ. ಅವರಿಗೆ ಕಾಲಿನ ಪರಿವೆಯೇ ಇರಲಿಲ್ಲ. ಅಮ್ಮನವರು ಸೆರಗು ಸೊಂಟಕ್ಕೆ ಬಿಗಿದು, ಹಿಂದಕ್ಕೆ ವಾಲಿ, ಗಿರಕಿ ತಿರುಗಿಸಿ, ಮೀನು ಓಡಿದಾಗ ಬಿಟ್ಟು, ದಣಿದಾಗ ಎಳೆದು, ನಡುನಡುವೆ ಅದಕ್ಕೆ 'ಬಾ ನಮ್ಮಪ್ಪ, ಎಲ್ಲಿಗೆ ಹೊಂಟಿ' ಎಂದು ಗದರುತ್ತ, ಕಡೆಗೆ ಕೈಯುದ್ದದ ಒಂದು ಬಿಳಿ ಮೀನನ್ನು ದಡದ ತೆಳ್ಳನೆಯ ನೀರಿಗೆ ತಂದರು. ಕೊಂಕಣಿ ಹೆಂಗಸು ಚಪ್ಪಾಳೆ ತಟ್ಟಿದಳು.

ಗಾಳ ಬಿಡಿಸಿದವರು ರಾಯರು. ಅಮ್ಮನವರು ಬಾಗಿ ಮೀನನ್ನು ನೋಡಿದರು. ಅದೂ ಅವರನ್ನು ದುಂಡನೆಯ ಕಣ್ಣಿನಿಂದ ನೋಡುತ್ತಿತ್ತು. ಸಮುದ್ರಪೂಜೆಗೆ ತಂದ ಕುಂಕುಮದ ಭರಣಿ ದಡದಲ್ಲಿತ್ತು. ಅದರಿಂದ ಒಂದು ಬೊಟ್ಟು ತೆಗೆದು ಅದರ ನೆತ್ತಿಗಿಟ್ಟು, 'ಹೋಗಿ ಬಾ' ಎಂದು ನೀರಿಗೆ ಬಿಟ್ಟರು.

ರಾಯರು ಕುಂಟುತ್ತ ಎದ್ದರು. ಕೋಲಿನ ತುಂಡುಗಳನ್ನು ಒಂದೊಂದಾಗಿ ಬಿಚ್ಚಿ, ಧೋತರದ ಅಂಚಿನಿಂದ ಒರೆಸಿ, ಚೀಲಕ್ಕೆ ಹಾಕಿದರು. ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನೀರಿನ ಅಂಚಿಗೆ ಹೋದರು.

'ಏನು ಮಾಡ್ಲಿಕ್ಹತ್ತೀರಿ?' ಎಂದರು ಅಮ್ಮನವರು.

'ಒಪ್ಪಿಸ್ತೀನಿ ಅಂತ ಮಾತು ಕೊಟ್ಟೀನಲ್ಲ.'

'ಅಮಾಸಿ ಇನ್ನೂ ಮುಗದಿಲ್ಲ. ಇನ್ನೊಂದು ಸಲ ಹಾಕ್ರಿ. ಈ ಸಲ ಮೊದಲಿಂದ ನಾ ಹಿಡಕೋತೀನಿ.'

ಅಮಾವಾಸ್ಯೆ ಮುಗಿಯುವವರೆಗೂ ಹಾಕಿದರು. ಮರುದಿನ ರೈಲು ಹತ್ತುವಾಗ ಚೀಲ ಅಮ್ಮನವರ ಬಗಲಲ್ಲಿತ್ತು. ಸುರಂಗಗಳಲ್ಲಿ ಏನು ನಡೆಯಿತೋ, ನನ್ನ ಬಾಯಿಂದ ಯಾರೂ ಏನೂ ಹೇಳಿಸಲಿಲ್ಲ.

ಮುಂದಿನ ಆರಾಧನೆಗೆ ಗಂಡಹೆಂಡತಿ ಮಠಕ್ಕೆ ಹೋದಾಗ ನಾನೂ ಇದ್ದೆ. ಆಚಾರ್ಯರು ಪ್ರಾಂಗಣದಲ್ಲಿ ಕೂತಿದ್ದರು. ಒಳ್ಳೆಯ ಮನುಷ್ಯರೇ, ಊರ ಬಾಯಿಗೆ ಅಂಜಿ ಅಂದು ಹಾಗೆ ಮಾಡಿದವರು. ರಾಯರನ್ನು ಕೇಳಿದರೆ ವಾದ ಬೆಳೆಯುತ್ತದೆಂದೋ ಏನೋ, ಅಮ್ಮನವರನ್ನೇ ಮೆಲ್ಲಗೆ ಕೇಳಿದರು.

'ಏನಮ್ಮಾ, ಸಮುದ್ರಸ್ನಾನ ಆತಂತಲ್ಲ. ನಿಮ್ಮ ಯಜಮಾನರದು ಆ ಚಟ ಬಿಟ್ಟಿತೇನು?'

ಊಟಕ್ಕೆ ಬಂದವರೆಲ್ಲ ಕಿವಿ ಈ ಕಡೆ ಇಟ್ಟಿದ್ದರು. ಅಮ್ಮನವರು ಸೆರಗು ಹೊದ್ದುಕೊಂಡು ನಮಸ್ಕಾರ ಮಾಡಿ ಹೇಳಿದರು. 'ಇಲ್ಲ ಆಚಾರ್ಯರ. ನನಗೂ ಹತ್ತೇದ. ಹಿಡೀತೀವಿ, ಬಿಡತೀವಿ. ಒಂದು ಮೀನೂ ಸತ್ತಿಲ್ಲ, ಒಂದು ತುಣುಕೂ ನಮ್ಮ ಮನಿಗೆ ಬಂದಿಲ್ಲ. ಇದರಾಗ ದೋಷ ಇದ್ರ ಇಬ್ಬರಿಗೂ ಕೂಡೇ ಹೇಳ್ರಿ, ಕೂಡೇ ಎದ್ದು ಹೋಗತೀವಿ.'

ಆಚಾರ್ಯರು ಅವರ ಮುಖ ನೋಡಿದರು. ರಾಯರ ಮುಖ ನೋಡಿದರು. ರಾಯರು ಬಾಯಿ ತೆರೆದು ಹೆಂಡತಿಯನ್ನೇ ನೋಡುತ್ತಿದ್ದರು. ಆಚಾರ್ಯರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಗಡ್ಡ. 'ಇಬ್ಬರಿಗೂ ಎಲಿ ಹಾಕ್ರಪಾ' ಎಂದರು.

ನಾನು ಬಳ್ಳಾರಿಯ ಕೋರ್ಟಿಗೆ ಹೋಗಿ ಸ್ವಂತ ಕೆಲಸ ಶುರು ಮಾಡಿದ ಮೇಲೆ ಅವರೊಡನೆ ತಿರುಗುವುದು ಕಡಿಮೆಯಾಯಿತು. ಕಡೆಯ ಸಲ ಕಂಪ್ಲಿಯಲ್ಲಿ ಜೊತೆಗೆ ಹರಿಗೋಲಿನಲ್ಲಿ ಕೂತದ್ದು ಒಂದು ರವಿವಾರ ಮುಂಜಾನೆ. ಅಷ್ಟೊತ್ತಿಗೆ ಅಮ್ಮನವರಿಗೂ ಒಂದು ಬೇರೆ ಕೋಲು ಬಂದಿತ್ತು. ಹರಿಗೋಲಿನ ಒಂದು ಕಡೆ ರಾಯರು, ಇನ್ನೊಂದು ಕಡೆ ಅಮ್ಮನವರು, ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತಿದ್ದರು. ನಡುವೆ ನಾನು ಮತ್ತು ದುರುಗಪ್ಪ. ಹರಿಗೋಲು ತನ್ನ ಪಾಡಿಗೆ ನಿಧಾನ ಸುತ್ತುತ್ತಿತ್ತು.

ಒಮ್ಮೆಲೇ ರಾಯರ ಕೋಲು ಬಾಗಿತು. ಅದೇ ಹೊತ್ತಿಗೆ ಅಮ್ಮನವರದೂ ಬಾಗಿತು.

'ಬಿತ್ತು' ಎಂದರು ರಾಯರು.

'ನನಗೂ ಬಿತ್ತು. ನಿಮ್ಮದಕ್ಕಿಂತ ದೊಡ್ಡದು.'

'ಸಾಧ್ಯನ ಇಲ್ಲ. ಇಂಥಾದ್ದು ನಾ ಜನ್ಮದಾಗ ಹಿಡದಿಲ್ಲ.'

ಇವರು ಎಳೆದಾಗ ಅವರದು ಬಾಗುತ್ತಿತ್ತು, ಅವರು ಎಳೆದಾಗ ಇವರದು. ಇಬ್ಬರ ಹಣೆಯ ಮೇಲೂ ಬೆವರು. ನಾನು ದುರುಗಪ್ಪನ ಮುಖ ನೋಡಿದೆ. ಅವನು ಹರಿಗೋಲಿನ ಅಂಚಿನಿಂದ ಕೆಳಗೆ ಬೆರಳು ತೋರಿಸಿದ. ತಿಳಿನೀರಿನಲ್ಲಿ, ಹರಿಗೋಲಿನ ಅಡಿಯಲ್ಲಿ, ಎರಡೂ ದಾರಗಳು ಒಂದಕ್ಕೊಂದು ಗಂಟು ಬಿದ್ದಿದ್ದವು. ಮೀನು ಇರಲಿಲ್ಲ.

ನಾನು ಬಾಯಿ ತೆರೆದೆ. ದುರುಗಪ್ಪ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು, ತಲೆಯಾಡಿಸಿ, ನನ್ನ ಕಿವಿಯಲ್ಲಿ 'ಹೇಳಬ್ಯಾಡ್ರಿ' ಎಂದ.

'ಬಿಡಬ್ಯಾಡ್ರಿ' ಎನ್ನುತ್ತಿದ್ದರು ಅಮ್ಮನವರು.

'ನೀನೂ ಬಿಡಬ್ಯಾಡ' ಎನ್ನುತ್ತಿದ್ದರು ರಾಯರು.